ರೋಗಿಯ ಮಾತನ್ನು ಕೇಳುವ ಬಗೆ

ಧನ್ವಂತರಿ ತ್ರಯೋದಶಿಯ ದಿನ ಪುರಾಣ ಮುಗಿದು ಮಂಗಳಾರತಿಯಾದ ಬಳಿಕ ಬೇಮಳಖೇಡದ ಗೃಹಸ್ಥರೊಬ್ಬರು ನಮ್ಮನ್ನು ಕಂಬದ ಬಳಿ ತಡೆದು ನಿಲ್ಲಿಸಿದರು. ಅವರ ತಂದೆಯವರಿಗೆ ಎಂಬತ್ತರ ಸಮೀಪದ ವಯಸ್ಸು. ಅನ್ನನಾಳದಲ್ಲಿ ಅರ್ಬುದ, ಅಂದರೆ ಕ್ಯಾನ್ಸರ್. ಹೈದರಾಬಾದಿನಲ್ಲಿ ಒಂದು ಸುತ್ತು ಚಿಕಿತ್ಸೆಯಾಗಿದೆ. ರೋಗವು ಯಕೃತ್ತಿಗೂ ಹರಡಿದೆಯೆಂದೂ, ಇನ್ನು ಪೂರ್ಣ ಗುಣವಾಗುವ ಸಂಭವವಿಲ್ಲವೆಂದೂ, ಇಚ್ಛೆಯಿದ್ದರೆ ಮತ್ತೊಂದು ಔಷಧವನ್ನು ಕೊಟ್ಟು ನೋಡಬಹುದೆಂದೂ ವೈದ್ಯರು ಹೇಳಿ ಕಳುಹಿಸಿದ್ದಾರೆ. ಎರಡು ಎಕರೆ ತೊಗರಿಯ ಹೊಲವನ್ನು ಮಾರಿಯಾದರೂ ಮಾಡಿಸೋಣವೆಂದು ಹಿರಿಯ ಮಗ. ಏನನ್ನೂ ಹೇಳಲಾರದೆ ಕಿರಿಯವರು. "ಮಾಡಿಸದೇ ಬಿಟ್ರ ಪಿತೃದ್ರೋಹ ಆಗ್ತದೇನ್ರಿ, ಆಚಾರ್ಯರ?" ಎಂಬುದು ಅವರ ಪ್ರಶ್ನೆ. "ತಂದೆಯವರು ಏನನ್ನುತ್ತಾರೆ?" ಎಂದು ನಾವು ಕೇಳಿದೆವು. ಅವರು ತಲೆ ತಗ್ಗಿಸಿ, "ಅವರಿಗೆ ಇನ್ನೂ ಹೇಳಿಲ್ರಿ" ಎಂದರು.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣಗಳ ಸುತ್ತಣ ಊರುಗಳಿಂದ ಬೀದರಿಗೆ, ಕಲಬುರಗಿಗೆ, ಸೊಲ್ಲಾಪುರಕ್ಕೆ, ಹೈದರಾಬಾದಿಗೆ ರೋಗಿಗಳನ್ನು ಕರೆದೊಯ್ಯದ ಮನೆಗಳು ವಿರಳ. ಹಾಗೆ ಹೋದ ಮನೆಗಳಲ್ಲಿ ಒಂದಲ್ಲ ಒಂದು ದಿನ ಇಂಥದೇ ಪ್ರಶ್ನೆ ಎದುರಾಗುತ್ತದೆ. ಆದಕಾರಣ ಅಂದು ಕಂಬದ ಬಳಿ ಆಡಿದ ನಾಲ್ಕು ಮಾತುಗಳನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳೋಣ. ರೋಗವು ಪ್ರಾರಬ್ಧದಿಂದ ಬಂದುದಾದರೆ ಔಷಧವೇಕೆ, ಅನುಭವಿಸಿಯೇ ತೀರಿಸಬಾರದೇಕೆ ಎಂದು ಕೆಲವರು ಕೇಳುವುದುಂಟು. ಹಸಿವೂ ದೇಹದೊಡನೆ ಬಂದದ್ದೇ. ಆದರೂ ದಿನವೂ ಒಲೆ ಹಚ್ಚುತ್ತೇವೆ. ಮಾನವಿಯ ಜಗನ್ನಾಥದಾಸರ ಚರಿತ್ರೆಯನ್ನು ನಮ್ಮ ಓದುಗರೆಲ್ಲರೂ ಬಲ್ಲರು. ಉದರಶೂಲೆಯಿಂದ ಬಳಲಿ ಬಂದ ಆ ಮಹಾಪಂಡಿತರಿಗೆ ಉತ್ತನೂರಿನ ಗೋಪಾಲದಾಸರು "ಸಹಿಸಿಕೊಂಡಿರಿ" ಎಂದು ಉಪದೇಶಿಸಿ ಕಳುಹಿಸಲಿಲ್ಲ. ಧನ್ವಂತರಿಯನ್ನು ಕುರಿತು ಪದವನ್ನು ರಚಿಸಿ ಬೇಡಿಕೊಂಡರು. ಜೋಳದ ರೊಟ್ಟಿಯನ್ನು ಉಣ್ಣಿಸಿದರು. ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯವು ಹೇಳುತ್ತದೆ. ನೋವನ್ನು ಕಳೆಯುವ ಪ್ರಯತ್ನವು ಭಕ್ತಿಗೆ ವಿರೋಧವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವ್ರತಗಳ ವಿಷಯವೂ ಹೀಗೆಯೇ. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ನೀತಿಯನ್ನು ಹೇಳುವಾಗ, ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಎಣಿಸಿ ಅವುಗಳಲ್ಲಿ ಔಷಧವನ್ನೂ ಗುರುವಿನ ಮಾತನ್ನೂ ಸೇರಿಸಿದ್ದಾನೆ. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಏಕಾದಶಿಯಂದು ಎಂದಿನ ಪ್ರಮಾಣದಲ್ಲಿಯೇ ಚುಚ್ಚಿಕೊಂಡು ನಿರಾಹಾರವಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಉಪವಾಸವೆಂದು ತಾವಾಗಿಯೇ ಇನ್ಸುಲಿನ್ ನಿಲ್ಲಿಸಿದರೆ ಅದೂ ಅಪಾಯವೇ. ದಶಮಿಯ ದಿನವಲ್ಲ, ಚಾತುರ್ಮಾಸ್ಯಕ್ಕೆ ಮೊದಲೇ ವೈದ್ಯರನ್ನೂ ಮನೆಯ ಗುರುಗಳನ್ನೂ ಕೇಳಿ ಕ್ರಮವನ್ನು ನಿಶ್ಚಯಿಸಿಕೊಳ್ಳಬೇಕು. ಕೃಶವಾದ ರೋಗಿಗೆ ಬೇಳೆಯೇ ಬಲವಾಗಿರುವಾಗ ದ್ವಿದಳವ್ರತದ ತಿಂಗಳಲ್ಲಿ ಏನು ಮಾಡಬೇಕೆಂಬುದೂ ಅದೇ ರೀತಿ ಮುಂಚಿತವಾಗಿ ಕೇಳಬೇಕಾದ ಮಾತು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಚಿಕಿತ್ಸೆಯೆಂಬುದು ಒಂದೇ ಶಬ್ದವಾದರೂ ಅದರ ಪ್ರಯೋಜನಗಳು ಬೇರೆ ಬೇರೆ. ಕೆಲವು ಚಿಕಿತ್ಸೆಗಳು ರೋಗವನ್ನು ಕಳೆಯುತ್ತವೆ. ಕೆಲವು ರೋಗವನ್ನು ಕಳೆಯದೆ ಆಯುಸ್ಸನ್ನು ಸ್ವಲ್ಪ ಹೆಚ್ಚಿಸುತ್ತವೆ. ಕೆಲವು ಆಯುಸ್ಸನ್ನು ಮುಟ್ಟದೆ ಬಾಧೆಯನ್ನು ಮಾತ್ರ ತಗ್ಗಿಸುತ್ತವೆ. "ಮತ್ತೊಂದು ಔಷಧವನ್ನು ಕೊಟ್ಟು ನೋಡಬಹುದು" ಎಂದು ವೈದ್ಯರು ಹೇಳಿದಾಗ ಅದು ಈ ಮೂರರಲ್ಲಿ ಯಾವುದೆಂದು ಕೇಳುವುದು ಮನೆಯವರ ಹಕ್ಕು. ಹೆಚ್ಚಿನ ಮಂದಿ ಕೇಳುವುದಿಲ್ಲ. ಕೇಳಿದರೆ ವೈದ್ಯರಿಗೆ ಅವಮರ್ಯಾದೆಯಾದೀತೆಂದು ಅಂಜುತ್ತಾರೆ. ನಾವು ಕಂಡ ಒಳ್ಳೆಯ ವೈದ್ಯರಾರೂ ಇದರಿಂದ ಬೇಸರಪಟ್ಟದ್ದಿಲ್ಲ. ಈ ಔಷಧದಿಂದ ದೊರೆಯುವ ದಿನಗಳಲ್ಲಿ ಎಷ್ಟು ಮನೆಯಲ್ಲಿ, ಎಷ್ಟು ಆಸ್ಪತ್ರೆಯಲ್ಲಿ ಕಳೆಯುತ್ತವೆ, ಕೊಡದೆ ಬಿಟ್ಟರೆ ಮುಂದೆ ಏನೇನು ತೊಂದರೆಗಳು ಬರಬಹುದು, ಬಂದರೆ ಅವುಗಳಿಗೆ ಊರಿನಲ್ಲಿಯೇ ಪರಿಹಾರವುಂಟೇ ಎಂಬುದನ್ನೂ ಜೊತೆಗೇ ಕೇಳಬೇಕು.

ಯಂತ್ರಗಳ ವಿಷಯದಲ್ಲಂತೂ ಈ ವಿವೇಚನೆ ಅತ್ಯವಶ್ಯ. ಕೃತಕ ಉಸಿರಾಟದ ಯಂತ್ರವೆಂದರೆ ಸಾವಿನ ಬಾಗಿಲೆಂದು ಹೆದರುವವರಿದ್ದಾರೆ. ಅದನ್ನು ಹಾಕಿಸದಿದ್ದರೆ ಕರ್ತವ್ಯಲೋಪವೆಂದು ಎಣಿಸುವವರೂ ಇದ್ದಾರೆ. ಎರಡೂ ತಪ್ಪು ಗ್ರಹಿಕೆ. ಹೊಲದಲ್ಲಿ ಕಟ್ಟಿಗೆಹಾವೋ ನಾಗರವೋ ಕಚ್ಚಿ ಉಸಿರಾಟದ ಸ್ನಾಯುಗಳು ನಿಶ್ಚೇಷ್ಟಿತವಾದ ತರುಣನಿಗೆ, ವಿಷಪ್ರತಿಬಂಧಕ ಔಷಧದೊಡನೆ ಕೆಲವು ದಿನ ಆ ಯಂತ್ರವನ್ನು ಹಾಕಿದರೆ ಅವನು ಎದ್ದು ತನ್ನ ಹೊಲಕ್ಕೆ ತಾನೇ ನಡೆದುಹೋಗಬಲ್ಲನು. ಅಲ್ಲಿ ಒಂದು ಗಳಿಗೆಯೂ ವಿಚಾರಿಸುತ್ತ ಕೂಡಬಾರದು. 108ರ ವಾಹನವನ್ನು ಕರೆಯಬೇಕು. ಅದೇ ಯಂತ್ರವು, ಸರ್ವಾಂಗಕ್ಕೂ ಅರ್ಬುದ ವ್ಯಾಪಿಸಿದ ವೃದ್ಧರಿಗೆ, ಮಕ್ಕಳು ಗಾಜಿನ ಆಚೆ ನಿಂತು ನೋಡುವ ಕೆಲವು ದಿನಗಳನ್ನಷ್ಟೇ ಕೂಡಿಸಬಹುದು. ಯಾವುದೆಂದು ನಿಶ್ಚಯಿಸಲಾಗದಿದ್ದಾಗ ಮಧ್ಯದ ಹಾದಿಯೊಂದಿದೆ: "ಇಷ್ಟು ದಿನ ನೋಡೋಣ, ಇಂಥ ಸುಧಾರಣೆ ಕಾಣದಿದ್ದರೆ ಮತ್ತೆ ಕುಳಿತು ವಿಚಾರ ಮಾಡೋಣ" ಎಂದು ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳುವುದು. ಹೀಗೆ ಅವಧಿಯನ್ನಿಟ್ಟು ನೋಡುವ ಪದ್ಧತಿ ವೈದ್ಯಶಾಸ್ತ್ರಕ್ಕೆ ಒಪ್ಪಿತವಾದದ್ದು.

ಆದರೆ ಈ ವಿಚಾರವನ್ನೆಲ್ಲ ಯಾರು ಮಾಡತಕ್ಕದ್ದು? ರೋಗಿಯು ಪ್ರಜ್ಞೆಯುಳ್ಳವನಾಗಿದ್ದರೆ ಮೊದಲ ಮಾತು ಅವನದು. ನಮ್ಮ ಕಡೆಯ ಮನೆಗಳಲ್ಲಿ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಸಭೆ ಸೇರುವುದು ವಾಡಿಕೆಯಾಗಿಬಿಟ್ಟಿದೆ. ಹೇಳಿದರೆ ಎದೆ ಒಡೆದೀತೆಂಬ ಪ್ರೀತಿಯೇ ಇದಕ್ಕೆ ಕಾರಣವೆಂಬುದನ್ನು ಬಲ್ಲೆವು. ಆದರೆ ಕ್ಯಾನ್ಸರ್ ಆಸ್ಪತ್ರೆಯ ಫಲಕದ ಕೆಳಗೆ ಹಿರಿಯರನ್ನು ಕೂಡಿಸಿ "ಹೊಟ್ಟೆಯಲ್ಲಿ ಸಣ್ಣ ಹುಣ್ಣು" ಎಂದು ಹೇಳಿದರೆ ಅದನ್ನು ನಂಬುವಷ್ಟು ಮುಗ್ಧರೇ ಅವರು? ಜೀವಮಾನವೆಲ್ಲ ಲೆಕ್ಕಪತ್ರ ನೋಡಿದವರು ಮಕ್ಕಳ ಮುಖವನ್ನು ಓದಲಾರರೇ? ಅವರಿಗೆ ತಿಳಿದಿರುತ್ತದೆ, ತಿಳಿದಿದೆಯೆಂದು ಹೇಳಿದರೆ ಮಕ್ಕಳು ನೊಂದಾರೆಂದು ಸುಮ್ಮನಿರುತ್ತಾರೆ. ಇಬ್ಬರೂ ಪರಸ್ಪರ ಮರೆಮಾಚುತ್ತ, ಆಡಬೇಕಾದ ಮಾತುಗಳನ್ನು ಆಡದೆಯೇ ಕಾಲ ತೀರಿಹೋಗುತ್ತದೆ. ಋಣ, ಪತ್ರ, ಹೆಣ್ಣುಮಕ್ಕಳಿಗೆ ಕೊಡಬೇಕೆಂದಿದ್ದ ವಸ್ತು, ಮುನಿಸಿಕೊಂಡ ತಮ್ಮನನ್ನು ಒಮ್ಮೆ ಕರೆಸಬೇಕೆಂಬ ಆಸೆ ಎಲ್ಲವೂ ಹಾಗೆಯೇ ಉಳಿದುಬಿಡುತ್ತವೆ.

ಹೇಳುವುದಕ್ಕೂ ಒಂದು ಕ್ರಮವಿದೆ. ವಿಷಯವನ್ನು ಒಮ್ಮೆಲೇ ಎದುರಿಗೆ ಇಡುವುದಲ್ಲ. "ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಏನನ್ನಿಸಿದೆ? ಡಾಕ್ಟರರು ಹೇಳಿದ್ದನ್ನು ಎಷ್ಟು ತಿಳಿಯಬೇಕೆಂದಿದ್ದೀರಿ?" ಎಂದು ಮೊದಲು ಅವರನ್ನೇ ಕೇಳಬೇಕು. "ನನಗೆ ಬೇಡ, ನೀವೇ ನೋಡಿಕೊಳ್ಳಿ" ಎಂದರೆ ಅದೂ ಒಂದು ನಿರ್ಧಾರವೇ. ಅದನ್ನು ಮನ್ನಿಸಿ, ತಮ್ಮ ಪರವಾಗಿ ಯಾರು ಮಾತಾಡಬೇಕೆಂಬುದನ್ನು ಮಾತ್ರ ಅವರ ಬಾಯಿಂದಲೇ ಕೇಳಿಕೊಳ್ಳಬೇಕು. ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಬರೆಯುತ್ತೇವೆ. ಹೊಲ ಮಾರುವ ಮಾತು ತಂದೆಯ ವಿಷಯದಲ್ಲಿ ಬರುವಷ್ಟು ಬೇಗ ತಾಯಿಯ ವಿಷಯದಲ್ಲಿ ಬರುವುದಿಲ್ಲ. ತಾಯಿಯ ಅಭಿಪ್ರಾಯವನ್ನು ಕೇಳುವುದಂತೂ ಇನ್ನೂ ಕಡಿಮೆ. ಹಾಗೆಯೇ, ರಾತ್ರಿಯೆಲ್ಲ ಎದ್ದು ಕೂಡುವ ಸೊಸೆಯನ್ನು ಹೊರಗಿಟ್ಟು ಪಡಸಾಲೆಯಲ್ಲಿ ಗಂಡಸರು ಮಾಡುವ ನಿರ್ಧಾರವು ನಾಲ್ಕು ದಿನವೂ ನಿಲ್ಲುವುದಿಲ್ಲ.

ರೋಗಿಯು ಮಾತಾಡಲಾರದ ಸ್ಥಿತಿಗೆ ಬಂದಾಗ ಏನು? ಈ ಪ್ರಶ್ನೆಯನ್ನು ಇಡೀ ದೇಶವೇ ಕೇಳಿಕೊಳ್ಳುವಂತೆ ಮಾಡಿದ ಪ್ರಕರಣವು ಕನ್ನಡನಾಡಿನ ಹೆಣ್ಣುಮಗಳೊಬ್ಬಳದು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ದುಷ್ಟನೊಬ್ಬನ ಆಕ್ರಮಣಕ್ಕೆ ಸಿಲುಕಿ, ಮೆದುಳಿಗೆ ಪ್ರಾಣವಾಯು ತಪ್ಪಿ, ಪ್ರಜ್ಞೆಯ ಅಂಚಿನಲ್ಲಿ ಉಳಿದರು. ಅಂದಿನಿಂದ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು ನಲವತ್ತೆರಡು ವರ್ಷ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಅಷ್ಟು ವರ್ಷ ಹಾಸಿಗೆ ಹಿಡಿದಿದ್ದರೂ ಮೈಮೇಲೆ ಹಾಸಿಗೆಹುಣ್ಣು ಆಗದಂತೆ ಕಾಪಾಡಿದರೆಂಬುದು ಸೇವೆಯ ಮಹಿಮೆಯನ್ನು ತಿಳಿದವರಿಗೆ ಸಾಮಾನ್ಯ ಸಂಗತಿಯಲ್ಲ. ಆಹಾರವನ್ನು ನಿಲ್ಲಿಸಿ ಅವರಿಗೆ ಬಿಡುಗಡೆ ಕೊಡಬೇಕೆಂದು ಲೇಖಕಿ ಪಿಂಕಿ ವಿರಾನಿಯವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2011ರ ಮಾರ್ಚ್ 7ರಂದು ನ್ಯಾಯಾಲಯವು ಆ ಅರ್ಜಿಯನ್ನು ಒಪ್ಪಲಿಲ್ಲ. ಇಷ್ಟು ಕಾಲ ಜೀವಕ್ಕೆ ಜೀವವಾಗಿ ನೋಡಿಕೊಂಡ ದಾದಿಯರೇ ಅವರ ನಿಜವಾದ ಆಪ್ತರು, ಅವರು ಒಲ್ಲೆನೆನ್ನುತ್ತಿದ್ದಾರೆ ಎಂಬುದು ಮುಖ್ಯ ಕಾರಣ. ಆದರೆ ಅದೇ ತೀರ್ಪಿನಲ್ಲಿ, ಗುಣವಾಗುವ ಆಶೆಯೇ ಇಲ್ಲದಾಗ ಕೃತಕ ಸಾಧನಗಳನ್ನು ಹಿಂತೆಗೆಯುವುದಕ್ಕೆ ದಾರಿಯನ್ನೂ ತೋರಿಸಿತು. ಆ ದಾದಿಯರದು ಸರಿಯೋ ಅರ್ಜಿದಾರರದು ಸರಿಯೋ ಎಂದು ತೀರ್ಮಾನಿಸಲು ನಾವು ಅಸಮರ್ಥರು. ಅರುಣಾ ಅವರು ತಮ್ಮ ಇಚ್ಛೆಯೇನೆಂದು ಹೇಳುವ ಅವಕಾಶವೇ ಇಲ್ಲದೆ ಹೋಯಿತೆಂಬುದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಮುಂದೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠವು, ಘನತೆಯಿಂದ ಕೊನೆಗಾಣುವುದೂ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ತಿಳಿವಳಿಕೆಯುಳ್ಳ ವಯಸ್ಕನು ತನಗೆ ಬೇಡವಾದ ಚಿಕಿತ್ಸೆಯನ್ನು ನಿರಾಕರಿಸಬಹುದೆಂದೂ, ಮಾತು ನಿಂತ ಮೇಲೆ ತನಗೆ ಏನು ಬೇಕು ಏನು ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡಬಹುದೆಂದೂ ಸ್ಪಷ್ಟಪಡಿಸಿತು. ಆಗ ವಿಧಿಸಿದ ಕ್ರಮಗಳು ತೊಡಕಾಗಿದ್ದುದರಿಂದ 2023ರ ಜನವರಿ 24ರಂದು ಅವನ್ನು ಸರಳಗೊಳಿಸಲಾಯಿತು. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಇದನ್ನು ಜಾರಿಗೊಳಿಸಲು ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್. ಬಿ. ಕರಿಬಸಮ್ಮನವರು ಈ ಹಕ್ಕಿಗಾಗಿ ಬಹುವರ್ಷ ಹೋರಾಡಿದ್ದನ್ನು ಆಗ ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು.

ಬರೆದಿಡುವ ಬಗೆ ಕಠಿಣವಲ್ಲ. ವಯಸ್ಕರು ಸ್ವಸ್ಥಚಿತ್ತರಾಗಿರುವಾಗ, ಯಾರ ಒತ್ತಾಯವೂ ಇಲ್ಲದೆ, ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಬರೆದು, ತಮ್ಮ ಪರವಾಗಿ ನಿರ್ಧರಿಸತಕ್ಕ ಒಬ್ಬಿಬ್ಬರ ಹೆಸರನ್ನು ಸೂಚಿಸಿ, ಇಬ್ಬರು ಸಾಕ್ಷಿಗಳ ಎದುರಿಗೆ ರುಜು ಮಾಡಬೇಕು. ನೋಟರಿಯೋ ಪತ್ರಾಂಕಿತ ಅಧಿಕಾರಿಯೋ ದೃಢೀಕರಿಸಬೇಕು; ಮೊದಲಿನಂತೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕಾಗಿಲ್ಲ. ಒಂದು ಪ್ರತಿಯನ್ನು ಪಂಚಾಯಿತಿಯ ಅಥವಾ ಪುರಸಭೆಯ ನಿಯುಕ್ತ ಅಧಿಕಾರಿಯಲ್ಲಿ ಇಡಬಹುದು. ಮನಸ್ಸು ಬದಲಾದರೆ ಎಂದಾದರೂ ಲಿಖಿತವಾಗಿ ರದ್ದು ಮಾಡಬಹುದು. ಬರೆದಿಟ್ಟ ಮಾತ್ರಕ್ಕೆ ಯಾರೂ ಯಂತ್ರವನ್ನು ತೆಗೆದುಬಿಡುವುದಿಲ್ಲ: ಚಿಕಿತ್ಸೆ ನೀಡುವ ವೈದ್ಯರೂ ಇಬ್ಬರು ತಜ್ಞರೂ ಸೇರಿದ ಒಂದು ಮಂಡಳಿ, ಅದರ ಮೇಲೆ ಮತ್ತೊಂದು ಮಂಡಳಿ, ಎರಡೂ ಗುಣವಾಗುವ ಆಶೆಯಿಲ್ಲವೆಂದು ಹೇಳಿ, ಮನೆಯವರು ಒಪ್ಪಿ, ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಮೇಲೆಯೇ ಮುಂದಿನ ಕೆಲಸ. ಪತ್ರವನ್ನು ಬರೆದಿಡದವರ ವಿಷಯದಲ್ಲಿಯೂ ಮಂಡಳಿಗಳ ಈ ಕ್ರಮವುಂಟು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದಕ್ಕೆ ಮಾತ್ರ ಕಾನೂನಿನಲ್ಲಿ ಆಸ್ಪದವಿಲ್ಲ. ಇವೆರಡನ್ನೂ ಒಂದೇ ಎಂದು ಆಡುವವರ ಮಾತಿಗೆ ಕಿವಿಗೊಡಬಾರದು.

ಇಷ್ಟರಿಂದ, ಗುಣವಾಗದಿದ್ದರೆ ವೈದ್ಯರ ಕೆಲಸ ಮುಗಿಯಿತೆಂದು ಯಾರೂ ಭಾವಿಸಬಾರದು. "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂಬ ಮಾತಿನೊಡನೆ, ಮನೆಯಲ್ಲಿ ನೋವು ಬಂದರೆ ಏನು ಕೊಡಬೇಕೆಂಬುದನ್ನೂ ಬರೆಸಿಕೊಳ್ಳದೆ ಹೊರಡಬಾರದು. ಉಪಶಮನ ಚಿಕಿತ್ಸೆಯೆಂಬುದು ಈಗ ವೈದ್ಯಶಾಸ್ತ್ರದ ಒಂದು ಪ್ರತ್ಯೇಕ ಶಾಖೆ. ಅನ್ನನಾಳದ ಅರ್ಬುದದಲ್ಲಿ ನುಂಗಲು ಬಾರದಾದಾಗ ಜಾಲರಿಯಂಥ ಕೊಳವೆಯನ್ನು ಒಳಗಿಟ್ಟು ದಾರಿ ಮಾಡಿಕೊಡಬಹುದು. ಅದರಿಂದ ರೋಗ ಗುಣವಾಗದು, ಗಂಜಿ ಕೆಳಗಿಳಿಯುತ್ತದೆ. ನೋವಿಗಾಗಿ 1986ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯು ಮೆಟ್ಟಿಲು ಮೆಟ್ಟಿಲಾದ ಒಂದು ಕ್ರಮವನ್ನು ಸೂಚಿಸಿತು: ಸಾಮಾನ್ಯ ಗುಳಿಗೆಯಿಂದ ಆರಂಭಿಸಿ, ಸಾಲದಿದ್ದರೆ ಮಾರ್ಫಿನ್‌ವರೆಗೆ ಏರುವುದು, ಸಾಧ್ಯವಿದ್ದಷ್ಟೂ ಬಾಯಿಂದಲೇ ಕೊಡುವುದು, ನೋವು ಬರುವವರೆಗೆ ಕಾಯದೆ ಗಡಿಯಾರ ನೋಡಿ ಕೊಡುವುದು. ಮಾರ್ಫಿನ್ ಎಂದೊಡನೆ "ಅಫೀಮು, ಚಟ ಹತ್ತೀತು" ಎಂದು ಮನೆಯವರು ಬೆಚ್ಚುತ್ತಾರೆ. ವೈದ್ಯರ ಮಾರ್ಗದರ್ಶನದಲ್ಲಿ ನೋವಿಗೆ ತಕ್ಕಷ್ಟು ಕೊಟ್ಟಾಗ ಚಟ ಹತ್ತುವುದು ವಿರಳ. ಕ್ರಮವಾಗಿ ಏರಿಸಿದರೆ ಉಸಿರು ನಿಲ್ಲುವುದೂ ಇಲ್ಲ. ಮಲಬದ್ಧತೆ ಮಾತ್ರ ನಿಶ್ಚಿತ. ಅದಕ್ಕೆ ಮೊದಲ ದಿನದಿಂದಲೇ ಔಷಧವನ್ನು ಕೇಳಿ ಪಡೆಯಬೇಕು. ಸರ್ಕಾರದ ಪರವಾನಿಗೆಯಿಂದ ಅಫೀಮು ಬೆಳೆದು ಹೊರದೇಶಗಳಿಗೂ ಕಳುಹಿಸುವ ನಮ್ಮ ದೇಶದಲ್ಲಿ, 1985ರ ಮಾದಕ ವಸ್ತುಗಳ ಕಾನೂನಿನ ತೊಡಕುಗಳಿಂದಾಗಿ ರೋಗಿಗಳಿಗೇ ಅದು ದೊರೆಯದ ವಿಪರೀತವು ಬಹುಕಾಲ ನಡೆಯಿತು. 2014ರ ತಿದ್ದುಪಡಿಯಿಂದ ಆ ತೊಡಕು ಎಷ್ಟೋ ಸಡಿಲವಾಗಿದೆ. ಆದರೂ ಎಲ್ಲ ಔಷಧದಂಗಡಿಗಳಲ್ಲಿ ಅದು ಸಿಗುವುದಿಲ್ಲ. ಎಲ್ಲಿ ಸಿಗುತ್ತದೆಂದು ವೈದ್ಯರನ್ನೇ ಕೇಳಬೇಕು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಅರ್ಬುದದ ಕೊನೆಯ ಹಂತದವರನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತವೆ. ನೆರೆಯ ಕೇರಳದಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ಮನೆಮನೆಗೆ ಹೋಗಿ ಈ ಸೇವೆ ಮಾಡುತ್ತಿದ್ದಾರೆ. ನಮ್ಮ ಭಜನಾಮಂಡಳಿಗಳಿಗೆ ಅದು ಅಸಾಧ್ಯವೆಂದು ನಮಗೆ ತೋರುವುದಿಲ್ಲ.

ಮನೆಯಲ್ಲಿ ಮಾಡುವ ಉಪಚಾರದಲ್ಲಿ ಎರಡು ಮಾತುಗಳನ್ನು ವಿಶೇಷವಾಗಿ ಹೇಳಬೇಕು. ಏಳಲಾರದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸಬೇಕು. ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಕೆಂಪೇರಿದೆಯೇ ಎಂದು ದಿನವೂ ನೋಡಬೇಕು. ಎರಡನೆಯದು ಅನ್ನಪಾನದ್ದು. ದೇಹವು ಮುಗಿಯುತ್ತ ಬಂದಾಗ ಹಸಿವು ಬಾಯಾರಿಕೆಗಳು ತಾವಾಗಿಯೇ ಅಡಗುತ್ತವೆ. ಉಣ್ಣದ್ದರಿಂದ ಅವರು ಹೋಗುತ್ತಿರುವುದಲ್ಲ; ಹೋಗುವ ಹೊತ್ತಾದ್ದರಿಂದ ಉಣ್ಣುತ್ತಿಲ್ಲ. ಇದನ್ನು ತಿಳಿಯದೆ, ಉಪವಾಸ ಕೆಡವಿದ ಅಪವಾದ ಬಂದೀತೆಂದು ಅಂಗಾತ ಮಲಗಿದವರ ಬಾಯಿಗೆ ಚಮಚದಿಂದ ಗಂಜಿ ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ತೀರ್ಥದ ವಿಷಯದಲ್ಲಿಯೂ ಎಚ್ಚರ ಬೇಕು. ಬಂದವರೆಲ್ಲರೂ ಒಂದೊಂದು ಉದ್ಧರಣೆಯಂತೆ ಗಂಗೋದಕವನ್ನು ಹಾಕುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನುಂಗುವ ಶಕ್ತಿಯಿಲ್ಲದ ಜೀವ ಕೆಮ್ಮಲಾರದೆ ಒದ್ದಾಡಿದ್ದನ್ನೂ ಕಂಡಿದ್ದೇವೆ. ತುಳಸಿಯ ದಳದಿಂದ, ಇಲ್ಲವೆ ಹತ್ತಿಯಿಂದ, ತುಟಿಗಳನ್ನು ತೀರ್ಥದಿಂದ ಒದ್ದೆ ಮಾಡಿದರೆ ಸಾಕು. ಆಗಾಗ ಹಾಗೆ ಮಾಡುತ್ತಿದ್ದರೆ ಬಾಯಿ ಒಣಗಿದ ಬಾಧೆಯೂ ತಗ್ಗುತ್ತದೆ.

ಬೇಮಳಖೇಡದ ಆ ಗೃಹಸ್ಥರು ಹದಿನೈದು ದಿನಗಳ ಮೇಲೆ ಮತ್ತೆ ಬಂದಿದ್ದರು. ಅಣ್ಣತಮ್ಮಂದಿರು ಮೂವರೂ ತಂದೆಯವರ ಬಳಿ ಕುಳಿತು, ನಿಮಗೆ ಏನನ್ನಿಸುತ್ತದೆಂದು ಕೇಳಿದರಂತೆ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ನನಗ ಏನಾಗ್ಯದಂತ ಊರಿಗೆಲ್ಲಾ ಗೊತ್ತದ, ನನಗೊಬ್ಬವಗೇ ನೀವು ಹೇಳಿದ್ದಿಲ್ಲ ನೋಡ್ರಪ್ಪಾ" ಎಂದು ನಕ್ಕರಂತೆ. ಹೊಲ ಮಾರುವುದು ಬೇಡವೆಂದರು. ಹೈದರಾಬಾದಿಗೆ ಮತ್ತೆ ಬರಲೊಲ್ಲೆನೆಂದರು. ಆದರೆ ರಾತ್ರಿಯ ನೋವಿಗೆ ಏನಾದರೂ ಮಾಡಿರೆಂದೂ, ಸಂಜೆ ಒಂದು ಗಳಿಗೆ ಎದ್ದು ಕುಳಿತು ಪಾರಾಯಣ ಕೇಳುವಷ್ಟು ಆದರೆ ಸಾಕೆಂದೂ ಹೇಳಿದರು. ಈಗ ಮಾರ್ಫಿನ್ ಗುಳಿಗೆಗಳು ಕಲಬುರಗಿಯಿಂದ ಬರುತ್ತವೆ. ತಿಂಗಳಿಗೊಮ್ಮೆ ಮಕ್ಕಳಲ್ಲಿ ಒಬ್ಬರು ಸರದಿಯಂತೆ ಹುಮನಾಬಾದಿನಲ್ಲಿ ರೈಲು ಹತ್ತಿ ಹೋಗಿ ತರುತ್ತಾರೆ.